ನಕ್ಷೆಯಲ್ಲೇ ಉಳಿದ ಜರ್ಮನ್ ಜೆಟ್, ಬೆಂಗಳೂರಿನಲ್ಲಿ ಹಾರಿದ 'ಮಾರುತ್'

ಎರಡನೆಯ ಮಹಾಯುದ್ಧದ ಕೊನೆಯ ತಿಂಗಳುಗಳಲ್ಲಿ ಜರ್ಮನಿಯ ವಾಯುಯಾನ ಸಚಿವಾಲಯವು ಕತ್ತಲಲ್ಲೂ ಕೆಟ್ಟ ಹವೆಯಲ್ಲೂ ಕಾದಾಡಬಲ್ಲ ಜೆಟ್ ಯುದ್ಧವಿಮಾನದ ವಿನ್ಯಾಸಗಳನ್ನು ಕೋರಿತು. ಬ್ರಿಟನ್ನಿನ ವೇಗದ 'ಮಸ್ಕಿಟೊ' ವಿಮಾನಗಳನ್ನು ಬೆನ್ನಟ್ಟಲು ಹಳೆಯ ಪ್ರೊಪೆಲ್ಲರ್ ವಿಮಾನಗಳಿಗೆ ಸಾಧ್ಯವಾಗುತ್ತಿರಲಿಲ್ಲ. ತಾತ್ಕಾಲಿಕ ಉಪಾಯವಾಗಿ ಎರಡು ಆಸನದ ಮೆಸರ್‌ಶ್ಮಿಟ್ 262ಕ್ಕೆ ರಡಾರ್ ಅಳವಡಿಸಲಾಯಿತು. ಮೂತಿಯ ಮೇಲಿನ ಆಂಟೆನಾಗಳು ಅದರ ವೇಗವನ್ನೇ ತಗ್ಗಿಸಿದವು.

ಬ್ಲೋಮ್ ಉಂಡ್ ಫಾಸ್ ಕಂಪನಿಯು ಬಾಲವಿಲ್ಲದ, ಮೂವರು ಕೂರುವ 'ಪಿ 215' ಅನ್ನು ಮುಂದಿಟ್ಟಿತು. ಕುರ್ಟ್ ಟ್ಯಾಂಕ್ ವಿನ್ಯಾಸ ಮುಖ್ಯಸ್ಥರಾಗಿದ್ದ ಫೋಕೆ-ವುಲ್ಫ್ ಕೂಡ ನಕ್ಷೆಗಳನ್ನು ಸಿದ್ಧಪಡಿಸಿತು. ಎಲ್ಲರೂ ನೆಚ್ಚಿದ್ದು ಸುಮಾರು 1,300 ಕಿಲೋ ನೂಕುಬಲದ ಹೈಂಕೆಲ್ 011 ಎಂಜಿನ್ನನ್ನು. ಅದು ಪ್ರಯೋಗದ ಹಂತ ದಾಟಲೇ ಇಲ್ಲ. ಅದೇ ಎಂಜಿನ್ನಿಗಾಗಿ ರೂಪಿಸಿದ್ದ ಫೋಕೆ-ವುಲ್ಫ್‌ನ ಹಗಲು ಯುದ್ಧವಿಮಾನ 'ಟಿಎ 183' ಕೂಡ ಹಾರಲಿಲ್ಲ. 1945ರ ಏಪ್ರಿಲ್‌ನಲ್ಲಿ ಕಂಪನಿಯ ವಿನ್ಯಾಸ ಕಚೇರಿ ಬ್ರಿಟಿಷ್ ಪಡೆಗಳ ವಶವಾಯಿತು.

ಯುದ್ಧದ ನಂತರ ಟ್ಯಾಂಕ್ ಅರ್ಜೆಂಟೀನಾ ಸೇರಿ 'ಪುಲ್ಕಿ-2' ಜೆಟ್ ನಿರ್ಮಿಸಿದರು. ಅದು 1950ರಲ್ಲಿ ಹಾರಿತು. 1955ರಲ್ಲಿ ಪೆರಾನ್ ಸರಕಾರ ಉರುಳಿದಾಗ ಅಲ್ಲಿಯ ಆಶ್ರಯ ತಪ್ಪಿತು. ಮರುವರ್ಷ ಅವರು ಬಂದದ್ದು ಬೆಂಗಳೂರಿಗೆ. ಪೀಣ್ಯ, ಬೊಮ್ಮನಹಳ್ಳಿಗಳಲ್ಲಿ ಕಾರ್ಖಾನೆಗಳ ಸಾಲು ಎದ್ದಿರದ ಕಾಲವದು. ನಗರದ ಪೂರ್ವದಂಚಿನಲ್ಲಿ 1940ರಲ್ಲಿ ಸ್ಥಾಪನೆಯಾಗಿದ್ದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಮಾತ್ರ ಆಗಲೇ ವಿ.ಎಂ. ಘಾಟಗೆಯವರ 'ಎಚ್‌ಟಿ-2' ತರಬೇತಿ ವಿಮಾನವನ್ನು ಹಾರಿಸಿತ್ತು.

ಇಲ್ಲಿ ರೂಪುಗೊಂಡ 'ಎಚ್‌ಎಫ್-24 ಮಾರುತ್' ಟಿಎ 183ರ ನಕಲೆಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಸರಿಯಲ್ಲ. ಅದಕ್ಕಿದ್ದುದು ಒಂದೇ ಎಂಜಿನ್, ಎತ್ತರದ ಬಾಲ. ಇದಕ್ಕೆ ಎರಡು ಎಂಜಿನ್, ತಗ್ಗಿನ ರೆಕ್ಕೆ. ರಾತ್ರಿ ಬೇಟೆಗೆ ಬೇಕಾದ ರಡಾರ್ ಕೂಡ ಮಾರುತ್‌ಗೆ ಇರಲಿಲ್ಲ. ಹೋಲಿಕೆ ಇರುವುದು ಎಂಜಿನ್ನಿನ ಕಥೆಯಲ್ಲಿ.

1959ರಲ್ಲಿ ಎಂಜಿನ್ ಇಲ್ಲದ, ಪೂರ್ಣಗಾತ್ರದ ಮರದ ಗ್ಲೈಡರ್ ಪರೀಕ್ಷೆಗೊಳಗಾಯಿತು. 1961ರ ಜೂನ್ 17ರಂದು ಸುರಂಜನ್ ದಾಸ್ ಮೊದಲ ಮಾರುತ್ ಹಾರಿಸಿದರು. ಶಬ್ದದ ಇಮ್ಮಡಿ ವೇಗ ಗುರಿಯಾಗಿತ್ತು. ಆದರೆ ನಿರೀಕ್ಷಿಸಿದ್ದ ಹೆಚ್ಚು ಬಲದ ಬ್ರಿಟಿಷ್ ಎಂಜಿನ್, ಅಭಿವೃದ್ಧಿ ವೆಚ್ಚ ಭರಿಸಲು ದೆಹಲಿ ಒಪ್ಪದ ಕಾರಣ, ಕೈಗೂಡಲಿಲ್ಲ. ಉಳಿದದ್ದು ತಲಾ ಸುಮಾರು 2,200 ಕಿಲೋ ನೂಕುಬಲದ 'ಆರ್ಫಿಯಸ್ 703'. ಅದರಿಂದ ವಿಮಾನವು ಸಮತಲ ಹಾರಾಟದಲ್ಲಿ ಶಬ್ದವೇಗದ ಅಂಚನ್ನಷ್ಟೇ ಮುಟ್ಟಿತು. ಈಜಿಪ್ಟಿನ 'ಇ-300' ಎಂಜಿನ್ ಜೋಡಿಸುವ ಪ್ರಯತ್ನವೂ ಫಲಿಸಲಿಲ್ಲ. ನೂಕುಬಲ ಹೆಚ್ಚಿಸಲು ಆಫ್ಟರ್‌ಬರ್ನರ್ ಅಳವಡಿಸಿದ ಮಾದರಿಯ ಪರೀಕ್ಷೆಯಲ್ಲಿ, 1970ರ ಜನವರಿ 10ರಂದು, ದಾಸ್ ಬೆಂಗಳೂರಿನಲ್ಲೇ ಪ್ರಾಣ ತೆತ್ತರು. ಹಳೆ ಮದ್ರಾಸು ರಸ್ತೆಯಿಂದ ಎಚ್‌ಎಎಲ್ ಕಡೆಗೆ ಸಾಗುವವರು ದಿನನಿತ್ಯ ಹಾದುಹೋಗುವ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದು.

ಇಷ್ಟಾದರೂ ಅದನ್ನು ಸೋತ ವಿಮಾನವೆಂದು ತಳ್ಳಿಹಾಕುವುದು ಅನ್ಯಾಯ. 1971ರ ಡಿಸೆಂಬರಿನ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲದ ಗುರಿಗಳ ಮೇಲೆ ಮಾರುತ್‌ಗಳು ದಾಳಿ ನಡೆಸಿದವು. ಆಗಸದ ಕಾಳಗದಲ್ಲಿ ಒಂದೂ ಉರುಳಲಿಲ್ಲ. ತರಬೇತಿ ಮಾದರಿಗಳೂ ಸೇರಿ ಒಟ್ಟು 147 ಮಾರುತ್‌ಗಳು ತಯಾರಾದವು.

ಟ್ಯಾಂಕ್ 1960ರ ದಶಕದ ಉತ್ತರಾರ್ಧದಲ್ಲಿ ಜರ್ಮನಿಗೆ ಮರಳಿ 1983ರಲ್ಲಿ ನಿಧನರಾದರು. 1990ರ ವೇಳೆಗೆ ವಾಯುಪಡೆ ಮಾರುತ್‌ಗಳನ್ನು ಸೇವೆಯಿಂದ ಹಿಂತೆಗೆದುಕೊಂಡಿತು. ಒಂದು ಮಾರುತ್ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಆವರಣದಲ್ಲಿದೆ. ಇನ್ನೊಂದು ಮ್ಯೂನಿಕ್ ಸಮೀಪದ ಶ್ಲೈಸ್‌ಹೈಮ್‌ನಲ್ಲಿ, ಜರ್ಮನ್ ವಿಮಾನಗಳ ನಡುವೆ ನಿಂತಿದೆ.