ಎರಡು ಕೈಗಳ ಅಳತೆಗೆ: ವಿಡಿಯೊ ಗೇಮ್ ಸಂಗೀತ ಪಿಯಾನೊಗೆ ಬಂದ ಬಗೆ

ಜಪಾನಿನ ವಿಡಿಯೊ ಗೇಮ್ ಸಂಗೀತವನ್ನು ಒಬ್ಬನೇ ನುಡಿಸುವ ಪಿಯಾನೊಗೆ ಅಳವಡಿಸುವ ಪರಿಪಾಠವನ್ನು ಅರಿಯಬೇಕಾದರೆ, ಆ ಸಂಗೀತ ಹುಟ್ಟಿದ ಯಂತ್ರದ ಇತಿಮಿತಿಗಳಿಂದಲೇ ಆರಂಭಿಸಬೇಕು. 1983ರಲ್ಲಿ ನಿಂಟೆಂಡೊ ಹೊರತಂದ ಫ್ಯಾಮಿಕಾಮ್ ಯಂತ್ರದಲ್ಲಿ ಐದು ಚಾನೆಲ್‌ಗಳಿದ್ದವು, ಅಂದರೆ ಏಕಕಾಲಕ್ಕೆ ಐದು ಬಗೆಯ ಧ್ವನಿಗಳಿಗಷ್ಟೇ ಅವಕಾಶವಿತ್ತು. ಅವುಗಳಲ್ಲಿ ಎರಡು ಚೌಕ ಅಲೆಯ ಸ್ವರಗಳಿಗೆ, ಒಂದು ತ್ರಿಕೋನ ಅಲೆಗೆ, ಒಂದು ತಾಳದ ಕೆಲಸಕ್ಕೆ ಒದಗುವ ಗರಗರ ಸದ್ದಿಗೆ, ಇನ್ನೊಂದು ಮುದ್ರಿತ ಧ್ವನಿಯ ಕಿರು ತುಣುಕುಗಳಿಗೆ ಮೀಸಲಾಗಿದ್ದವು. ಸಾಮಾನ್ಯವಾಗಿ ಮಂದ್ರ ಸ್ವರಗಳನ್ನು ಹೊರುತ್ತಿದ್ದ ತ್ರಿಕೋನ ಅಲೆಗೆ ಸದ್ದನ್ನು ಏರಿಸಿ ಇಳಿಸುವ ಸೌಲಭ್ಯವೂ ಇರಲಿಲ್ಲ. ಆಟದ ಪಾತ್ರ ನೆಗೆದಾಗ ಕೇಳಿಸುವ ಸದ್ದಿಗೂ ಇವೇ ಚಾನೆಲ್‌ಗಳು ಬೇಕಾಗಿದ್ದುದರಿಂದ, ಸಂಗೀತದ ಒಂದು ಎಳೆ ಆ ಕ್ಷಣಕ್ಕೆ ಕಡಿದುಹೋಗುತ್ತಿತ್ತು. 1985ರ ಸೂಪರ್ ಮಾರಿಯೊ ಬ್ರದರ್ಸ್‌ಗೆ ಕೋಜಿ ಕೊಂಡೊ, 1986ರ ಡ್ರ್ಯಾಗನ್ ಕ್ವೆಸ್ಟ್‌ಗೆ ಕೋಯಿಚಿ ಸುಗಿಯಾಮ, 1987ರ ಫೈನಲ್ ಫ್ಯಾಂಟಸಿಗೆ ನೊಬುವೊ ಉಎಮಾತ್ಸು ಸಂಗೀತ ರಚಿಸಿದ್ದು ಈ ಇಕ್ಕಟ್ಟಿನಲ್ಲಿಯೇ. ವಾದ್ಯಗಳ ಬಣ್ಣವನ್ನು ನೆಚ್ಚಿಕೊಳ್ಳುವಂತಿಲ್ಲದ ಕಡೆ ಧಾಟಿಯೇ ಎಲ್ಲ ಭಾರವನ್ನೂ ಹೊರಬೇಕಾಗಿತ್ತು. ಈ ರಚನೆಗಳು ಬೇರೆ ವಾದ್ಯಕ್ಕೆ ಸುಲಭವಾಗಿ ದಾಟಿದ್ದಕ್ಕೆ ಇದೇ ಮುಖ್ಯ ಕಾರಣವೆನ್ನಬಹುದು.

ಸುಗಿಯಾಮ ಮೊದಲಿಗೇ ವಾದ್ಯವೃಂದದ ಕಡೆ ಹೊರಳಿದರು. ಪಿಯಾನೊ ಹಾದಿಯ ಗಟ್ಟಿ ಮೈಲಿಗಲ್ಲು 1992ರಲ್ಲಿ ಬಂದ, ಫೈನಲ್ ಫ್ಯಾಂಟಸಿ ನಾಲ್ಕರ ‘ಪಿಯಾನೊ ಕಲೆಕ್ಷನ್ಸ್’ ಧ್ವನಿಮುದ್ರಿಕೆ. ಅದರ ಅಳವಡಿಕೆ ಶಿರೊ ಸಾಟೊ ಅವರದು, ವಾದನ ತೊಶಿಯುಕಿ ಮೊರಿ ಅವರದು. ಈ ಮಾಲೆಯ ಸ್ವರಲಿಪಿ ಪುಸ್ತಕಗಳೂ ಮಾರಾಟಕ್ಕೆ ಬಂದವು. ಯಮಾಹ, ಕವಾಯಿ ಕಂಪನಿಗಳ ಪಿಯಾನೊಗಳು ಅಷ್ಟರಲ್ಲಿ ಜಪಾನಿನ ಮಧ್ಯಮ ವರ್ಗದ ಅನೇಕ ಮನೆಗಳನ್ನು ಸೇರಿದ್ದು, ಮಕ್ಕಳಿಗೆ ಪಿಯಾನೊ ಪಾಠ ಹೇಳಿಸುವುದು ರೂಢಿಯಾಗಿತ್ತಾದ್ದರಿಂದ, ಅಂಥ ಪುಸ್ತಕಗಳಿಗೆ ಓದುಗರು ಮೊದಲೇ ಸಿದ್ಧರಿದ್ದರು.

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲೂ ಇಂಥದೇ ಒಂದು ವಾಡಿಕೆಯಿತ್ತು. ಬೀಥೋವನ್‌ನ ಒಂಬತ್ತೂ ಸಿಂಫನಿಗಳನ್ನು ಫ್ರಾನ್ಝ್ ಲಿಸ್ಟ್ 1865ರ ಹೊತ್ತಿಗೆ ಪಿಯಾನೊಗೆ ಇಳಿಸಿದ್ದನು. ಆದರೆ ಲಿಸ್ಟ್‌ನ ಪುಸ್ತಕ ಕೊಂಡವರಲ್ಲಿ ಹಲವರು ಮೂಲ ವಾದ್ಯವೃಂದವನ್ನು ಅಪರೂಪಕ್ಕಷ್ಟೇ ಕೇಳಿದ್ದಿರಬಹುದು. ಗೇಮ್ ಆಡಿದವರಾದರೋ ಅದೇ ಧಾಟಿಯನ್ನು ನೂರಾರು ಸಲ ಕೇಳಿ ಕಿವಿಯಲ್ಲಿ ಅಚ್ಚೊತ್ತಿಸಿಕೊಂಡಿರುತ್ತಾರೆ. ಅಳವಡಿಕೆಯನ್ನು ತಿದ್ದಿ ತೀಡುವ ಕೆಲಸದ ಕಷ್ಟವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ: ಯಾವ ಸ್ವರವನ್ನು ಬಿಟ್ಟರೂ ಕೇಳುಗನಿಗೆ ಅದು ಗೊತ್ತಾಗುತ್ತದೆ, ಯಾವುದನ್ನೂ ಬಿಡದಿದ್ದರೆ ಬೆರಳುಗಳು ಸಾಲುವುದಿಲ್ಲ.

ಫೈನಲ್ ಫ್ಯಾಂಟಸಿಯ ‘ಪ್ರೆಲ್ಯೂಡ್’ ಇದಕ್ಕೆ ಒಳ್ಳೆಯ ನಿದರ್ಶನ. ಒಂದು ಸ್ವರಗುಚ್ಛವನ್ನು ಒಟ್ಟಿಗೆ ಹೊರಡಿಸದೆ ಸ್ವರಗಳನ್ನು ಒಂದಾದ ಮೇಲೊಂದರಂತೆ ಬಿಡಿಸಿ ನುಡಿಸುವ ಆರ್ಪೆಜಿಯೊ ಎಂಬ ಕ್ರಮದಲ್ಲಿ ಅದು ಸ್ಥಾಯಿಯಿಂದ ಸ್ಥಾಯಿಗೆ ಏರಿ ಇಳಿಯುತ್ತದೆ. ಯಂತ್ರಕ್ಕೆ ಇದು ಏನೂ ಅಲ್ಲ. ಪಿಯಾನೊದಲ್ಲಾದರೆ ಎಡಗೈ ಬಿಟ್ಟ ಎಳೆಯನ್ನು ಬಲಗೈ ಎತ್ತಿಕೊಳ್ಳಬೇಕು, ಆ ಬೆಸುಗೆ ಕಿವಿಗೆ ಬೀಳಬಾರದು, ಸ್ವರವನ್ನು ಹಿಡಿದು ನಿಲ್ಲಿಸುವ ಪೆಡಲನ್ನು ಸ್ವರಗುಚ್ಛ ಬದಲಾಗುವ ಕಡೆ ತಪ್ಪದೆ ಎತ್ತದಿದ್ದರೆ ಹಿಂದಿನ ಸ್ವರಗಳು ಮುಂದಿನವುಗಳೊಡನೆ ಕಲಸಿಹೋಗುತ್ತವೆ. ಯಂತ್ರದ ಸ್ವರ ಬೇಕೆಂದಷ್ಟು ಹೊತ್ತು ಒಂದೇ ಸಮನೆ ನಿಲ್ಲಬಲ್ಲುದಾದರೆ, ಪಿಯಾನೊ ಸ್ವರ ಒತ್ತಿದ ಮರುಕ್ಷಣದಿಂದಲೇ ಕ್ಷೀಣಿಸುತ್ತದೆ. ಹಾಗಾಗಿ ದೀರ್ಘ ಸ್ವರದ ಅಡಿಯಲ್ಲಿ ಒಳ ಎಳೆಯೊಂದನ್ನು ಚಲಿಸುತ್ತಿರುವಂತೆ ಹೆಣೆಯುವುದು ಅಳವಡಿಸುವವರ ಹಳೆಯ ಉಪಾಯ. ಇನ್ನು ಮುಕ್ತಾಯದ ವಿಷಯ. ಆಟಗಾರ ಎಷ್ಟು ಹೊತ್ತು ಆಡುತ್ತಾನೋ ಅಷ್ಟು ಹೊತ್ತೂ ಮರಳಿ ಮರಳಿ ಸುತ್ತುವಂತೆ ರಚಿತವಾದ ಸಂಗೀತಕ್ಕೆ ಕೊನೆಯೆಂಬುದೇ ಇರುವುದಿಲ್ಲವಾದ್ದರಿಂದ, ಆ ಕೊನೆಯನ್ನು ಅಳವಡಿಸುವವನೇ ರಚಿಸಬೇಕಾಗುತ್ತದೆ. ಎರಡನೆಯ ಸುತ್ತನ್ನು ಮೊದಲನೆಯದರ ನಕಲಾಗಿಸಿ ಸದ್ದನ್ನಷ್ಟೇ ತಗ್ಗಿಸಿ ಮುಗಿಸುವುದು ಸುಲಭವಾದರೂ ಸೋಮಾರಿತನವೇ ಸರಿ.

1990ರ ಸೂಪರ್ ಫ್ಯಾಮಿಕಾಮ್‌ನಲ್ಲಿ ಚಾನೆಲ್‌ಗಳು ಎಂಟಾದವು. ಮುಂದೆ ಸಂಗೀತದ ಪದರಗಳು ಹೆಚ್ಚಿದಂತೆ, ಬರಿದಾಗಿದ್ದುದನ್ನು ತುಂಬುವ ಕೆಲಸ ಹೋಗಿ ತುಂಬಿದ್ದನ್ನು ಆಯ್ದು ತೆಗೆಯುವ ಕೆಲಸ ಬಂತು. 2002ರ ಫೈನಲ್ ಫ್ಯಾಂಟಸಿ ಹತ್ತರ ಪಿಯಾನೊ ಸಂಗ್ರಹವನ್ನು ಸಿದ್ಧಪಡಿಸಿದ ಮಸಾಶಿ ಹಮಾಉಝು ಸ್ವತಃ ಆ ಆಟದ ಸಂಗೀತಗಾರರಲ್ಲಿ ಒಬ್ಬರಾಗಿದ್ದು, ಅಕಿ ಕುರೊಡ ನುಡಿಸಿದ ಆ ಸಂಗ್ರಹದಲ್ಲಿ ಅಳವಡಿಕೆ ಹೆಚ್ಚುಕಡಿಮೆ ಮರುರಚನೆಯೇ ಆಗಿದೆ. ಅದರಲ್ಲಿರುವ ಉಎಮಾತ್ಸು ಅವರ ‘ಟು ಝನಾರ್ಕಂಡ್’ ಆಟದಲ್ಲಿಯೇ ಒಂಟಿ ಪಿಯಾನೊ ರಚನೆಯಾಗಿತ್ತಾದ್ದರಿಂದ, ಅಲ್ಲಿ ಕಳೆಯಲು ಯಾವ ವಾದ್ಯವೂ ಇರಲಿಲ್ಲ.