ಸಾಗಣೆ ಎಂಬ ಶಿಕ್ಷೆ

ಸಾಲಕ್ಕೆ ಅಡವಿಡುವ ಜಮೀನಿನ ಹಳೆಯ ದಸ್ತಾವೇಜುಗಳನ್ನು ಓದುವುದು ಬ್ಯಾಂಕ್ ಗುಮಾಸ್ತನಾದ ನನಗೆ ನಿತ್ಯದ ಕೆಲಸ. ಒಮ್ಮೆ 1910ರ ದಶಕದ ವಿಭಾಗಪತ್ರವೊಂದು ಬಂತು. ಜೊತೆಗಿದ್ದ ಇಂಗ್ಲಿಷ್ ತರ್ಜುಮೆಯಲ್ಲಿ ಮನೆಯ ಹಿರಿಮಗನ ಹೆಸರಿನ ಮುಂದೆ ‘ಟ್ರಾನ್ಸ್‌ಪೋರ್ಟೆಡ್ ಫಾರ್ ಲೈಫ್’ ಎಂದಿತ್ತು. ಪಕ್ಕದ ಮೇಜಿನ ಹುಡುಗ, “ಏನು ಸರ್, ಇವರಿಗೆ ಆಗಲೇ ಲಾರಿ ಇತ್ತೇ?” ಎಂದ. ಇಬ್ಬರೂ ನಕ್ಕೆವು. ಕನ್ನಡ ಮೂಲವನ್ನು ನೋಡಿದಾಗ ನಗು ನಿಂತಿತು. ಅಲ್ಲಿ ‘ಜೀವಾವಧಿ ದ್ವೀಪಾಂತರ’ ಎಂದಿತ್ತು.

ಲ್ಯಾಟಿನ್ನಿನಲ್ಲಿ ‘ಟ್ರಾನ್ಸ್’ ಎಂದರೆ ಆಚೆಗೆ, ‘ಪೋರ್ತಾರೆ’ ಎಂದರೆ ಹೊರು. ಸರಕನ್ನು ಆಚೆ ಸಾಗಿಸುವ ಈ ಮಾತನ್ನೇ ಇಂಗ್ಲೆಂಡಿನ ಕಾನೂನು ಮನುಷ್ಯರಿಗೂ ಹಚ್ಚಿತು. ಅಪರಾಧಿಗಳನ್ನು ಮೊದಲು ಅಮೆರಿಕೆಗೆ, 1788ರಿಂದ 1868ರವರೆಗೆ ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ಆಸ್ಟ್ರೇಲಿಯಾಕ್ಕೆ ಹೋದವರೇ 1,60,000ಕ್ಕೂ ಹೆಚ್ಚು.

ನಮ್ಮವರ ಪಾಲಿಗೆ ಬಂದದ್ದು ಅಂಡಮಾನ್. ದಂಗೆಯ ಮರುವರ್ಷ, 1858ರ ಮಾರ್ಚ್ 10ರಂದು, 200 ಕೈದಿಗಳ ಮೊದಲ ತಂಡ ಅಲ್ಲಿ ಇಳಿಯಿತು. 1860ರ ದಂಡಸಂಹಿತೆಯ 53ನೆಯ ಕಲಮಿನಲ್ಲಿ ಮರಣದಂಡನೆಯ ನಂತರದ ಶಿಕ್ಷೆಯೇ ಈ ಸಾಗಣೆ. ಶಿಕ್ಷೆಯ ಅಂಶಗಳನ್ನು ಲೆಕ್ಕಹಾಕುವಾಗ ಜೀವಾವಧಿ ಸಾಗಣೆಯನ್ನು 20 ವರ್ಷವೆಂದು ಹಿಡಿಯಬೇಕೆಂದು 57ನೆಯ ಕಲಮು ಹೇಳಿತು. ಜನ ಮಾತ್ರ ಅದನ್ನು ‘ಕರಿನೀರು’ ಎಂದರು. ಆ ಮಾತಿನಲ್ಲಿ ಲೆಕ್ಕವಿಲ್ಲ, ಭಯವಿದೆ.

1921ರ ಮಲಬಾರ್ ದಂಗೆಯ ನಂತರ ಅನೇಕ ಮಾಪಿಳ್ಳೆ ಕೈದಿಗಳನ್ನು ಅಲ್ಲಿಗೆ ಕಳುಹಿಸಲಾಯಿತು. ಮುಂದೆ ಕೆಲವರ ಸಂಸಾರಗಳೂ ಹೋಗಿ ನೆಲೆಸಿದವು. ದಕ್ಷಿಣ ಅಂಡಮಾನಿನಲ್ಲಿ ಇಂದಿಗೂ ವಂಡೂರು, ಮಂಜೇರಿ, ತಿರೂರು, ಕ್ಯಾಲಿಕಟ್ ಎಂಬ ಊರುಗಳಿವೆ. ಊರಿಗೆ ಮರಳಲಾಗದವರು ಊರಿನ ಹೆಸರನ್ನು ಹೊತ್ತೊಯ್ದರು.

ನಮ್ಮ ಎರಡು ಭಾಷೆಗಳು ಈ ಶಬ್ದವನ್ನು ಹಂಚಿಕೊಂಡ ರೀತಿ ಸ್ವಾರಸ್ಯವಾಗಿದೆ. ಮಲಯಾಳದಲ್ಲಿ ‘ಕಡತ್ತ್’ ಎಂದರೆ ದಾಟಿಸುವುದು. ಹೊಳೆ ದಾಟಿಸುವ ಅಂಬಿಗ ‘ಕಡತ್ತುಕಾರನ್’, ಕಳ್ಳಸಾಗಣೆ ‘ಕಳ್ಳಕ್ಕಡತ್ತ್’, ನಾಡಿನಿಂದ ಹೊರಹಾಕುವುದು ‘ನಾಡುಕಡತ್ತಲ್’. 1910ರಲ್ಲಿ ತಿರುವಾಂಕೂರು ಸರಕಾರವು ಪತ್ರಕರ್ತ ‘ಸ್ವದೇಶಾಭಿಮಾನಿ’ ರಾಮಕೃಷ್ಣ ಪಿಳ್ಳೆಯವರಿಗೆ ಮಾಡಿದ್ದು ಅದನ್ನೇ. ಅವರು 1916ರಲ್ಲಿ ಕಣ್ಣೂರಿನಲ್ಲಿ ತೀರಿಕೊಂಡರು. ಕನ್ನಡದ ‘ಗಡಿಪಾರು’ ಕೂಡ ದಾಟಿಸುವ ಮಾತೇ. ಆದರೆ ಬಸ್ಸು ಲಾರಿಗಳ ಓಡಾಟಕ್ಕೆ ಕನ್ನಡ ‘ಸಾರಿಗೆ’ ಎಂದರೆ ಮಲಯಾಳ ‘ಗತಾಗತ’ ಎನ್ನುತ್ತದೆ. ಗತ, ಆಗತ: ಹೋದದ್ದು, ಬಂದದ್ದು. ದ್ವೀಪಾಂತರದಲ್ಲಿ ಇಲ್ಲದಿದ್ದದ್ದು ಈ ‘ಆಗತ’ದ ಭರವಸೆ.

1956ರ ಜನವರಿ 1ರಿಂದ ದಂಡಸಂಹಿತೆಯಲ್ಲಿ ಆ ಶಬ್ದದ ಜಾಗಕ್ಕೆ ‘ಜೀವಾವಧಿ ಕಾರಾವಾಸ’ ಬಂತು. ಅದೇ ವರ್ಷದ ನವೆಂಬರ್ 1ರಂದು ಕಾಸರಗೋಡಿನ ನಮ್ಮ ಹಿರಿಯರು ಮನೆಯಂಗಳದಲ್ಲಿ ನಿಂತಲ್ಲಿಂದಲೇ ಬೇರೆ ರಾಜ್ಯಕ್ಕೆ ಸೇರಿದರು. ಅದಕ್ಕೆ ಯಾವ ಶಬ್ದವೋ ತಿಳಿಯದು.

ಆ ವಿಭಾಗಪತ್ರದ ಕೊನೆಯಲ್ಲಿ ಹೀಗೊಂದು ಷರತ್ತಿತ್ತು: ಹಿರಿಯವನು ಹಿಂದಿರುಗಿ ಬಂದಲ್ಲಿ ತೆಂಕುಬದಿಯ ಗದ್ದೆಯನ್ನು ತಮ್ಮಂದಿರು ತಕರಾರಿಲ್ಲದೆ ಬಿಟ್ಟುಕೊಡತಕ್ಕದ್ದು. ಆಮೇಲಿನ ಕಾಗದಗಳನ್ನೆಲ್ಲ ನೋಡಿದೆ. ಅವನ ರುಜು ಎಲ್ಲಿಯೂ ಇರಲಿಲ್ಲ.