ಏಸ್

ಏಸ್: ಅಮೆರಿಕದಲ್ಲಿ ವಸಂತಾಗಮನದೊಡನೆ ಬೇಸ್‌ಬಾಲ್ ಋತು ಆರಂಭವಾಗುತ್ತಲೇ, ತಮ್ಮ ತಂಡ ಈ ಸಲ ಎಲ್ಲಿಯವರೆಗೆ ಮುಂದುವರಿದೀತೆಂದು ಅಭಿಮಾನಿಗಳು ಹೂಡುವ ವಾಗ್ವಾದಗಳಲ್ಲೆಲ್ಲ ಕಿವಿಗೆ ಬೀಳುವ ಈ ಶಬ್ದಕ್ಕೆ, ತಂಡದ ಪಿಚರುಗಳಲ್ಲಿ, ಅಂದರೆ ಬ್ಯಾಟುಗಾರನಿಗೆ ಚೆಂಡೆಸೆಯುವವರಲ್ಲಿ, ಅಗ್ರಗಣ್ಯನೆಂದು ಅರ್ಥ.

ಮೂಲ ಲ್ಯಾಟಿನ್ನಿನ 'ಆಸ್', ಪ್ರಾಚೀನ ರೋಮಿನದೊಂದು ನಾಣ್ಯ. ಫ್ರೆಂಚಿನ ಮಾರ್ಗವಾಗಿ ಇಂಗ್ಲಿಷಿಗೆ ಬಂದು, ದಾಳದ ಒಂಟಿ ಚುಕ್ಕೆಯ ಮುಖಕ್ಕೆ ಅನ್ವಯಿಸಿ ಕನಿಷ್ಠವನ್ನೂ ದುರದೃಷ್ಟವನ್ನೂ ಸೂಚಿಸುತ್ತಿದ್ದ ಈ ಮಾತು, ಇಸ್ಪೀಟಿನಲ್ಲಿ ಒಂದರ ಎಲೆಯು ರಾಜನನ್ನೂ ಮೀರಿಸುವ ಪದವಿಗೇರಿದ ತರುವಾಯ ಶ್ರೇಷ್ಠತೆಗೆ ಪರ್ಯಾಯವಾಯಿತು. ಮೊದಲ ಮಹಾಯುದ್ಧದಲ್ಲಿ ಐದು ಶತ್ರುವಿಮಾನಗಳನ್ನು ಕೆಡವಿದ ವೈಮಾನಿಕನಿಗೂ ಇದೇ ಬಿರುದು. ನಮ್ಮ ಇಸ್ಪೀಟಿನ 'ಎಕ್ಕ'ವಾದರೋ ಸಂಸ್ಕೃತದ 'ಏಕ'ದಿಂದ ಪ್ರಾಕೃತದ ಮೂಲಕ ಬಂದದ್ದು, ಹಿಂದಿಯ 'ಇಕ್ಕಾ'ದ ಒಡಹುಟ್ಟು. ಏಸಿಗೂ ಅದಕ್ಕೂ ಅರ್ಥಸಾಮ್ಯವುಂಟೇ ಹೊರತು ಸಂಬಂಧವಿಲ್ಲ.

ವಿನೋದವೆಂದರೆ, 1845ರಲ್ಲಿ ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ಬು ರಚಿಸಿದ ಬೇಸ್‌ಬಾಲ್ ನಿಯಮಗಳಲ್ಲಿ ಏಸ್ ಎಂದರೆ ಒಂದು ರನ್. 21 ಏಸ್ ಗಳಿಸಿದವರಿಗೆ ಜಯ. 1869ರ ಸಿನ್ಸಿನಾಟಿ ತಂಡದ ಏಸಾ ಬ್ರೈನಾರ್ಡನ ಹೆಸರೇ ಇಂದಿನ ಅರ್ಥಕ್ಕೆ ಕಾರಣವೆಂಬ ಕಥೆ ರಂಜಕ, ಪ್ರಮಾಣವಲ್ಲ.

ಐವರು ಸರದಿಯಂತೆ ಎಸೆಯುವ ಈಗಿನ ಪದ್ಧತಿಯಲ್ಲಿ, 162 ಪಂದ್ಯಗಳ ಋತುವಿನೊಳಗೆ ಏಸಿನ ಪಾಲು ಸುಮಾರು ಮೂವತ್ತಮೂರು. ಆದುದರಿಂದಲೇ 'ಉಳಿದ ದಿನಗಳ ಗತಿಯೇನು?' ಎಂಬುದು ಅಭಿಮಾನಿಗಳ ಚರ್ಚೆಯ ತಿರುಳು. ಋತುವಿನ ಕೊನೆಗೆ ಚಾಂಪಿಯನ್ ತಂಡವನ್ನು ನಿರ್ಧರಿಸುವ ವಿಶ್ವ ಸರಣಿಯ 1965ರ ಏಳನೆಯ ಪಂದ್ಯದಲ್ಲಿ, ಎರಡೇ ದಿನ ವಿಶ್ರಮಿಸಿ ಬಂದು, ಎದುರಾಳಿಗೆ ಒಂದು ರನ್ನನ್ನೂ ಕೊಡದೆ ಗೆದ್ದ ಡಾಡ್ಜರ್ಸ್ ತಂಡದ ಸ್ಯಾಂಡಿ ಕೋಫ್ಯಾಕ್ಸನಂಥವನಿಗೆ ಒಪ್ಪುವ ಈ ಬಿರುದನ್ನು, ಎರಡು ಪಂದ್ಯ ಚೆನ್ನಾಗಿ ಎಸೆದ ತರುಣರಿಗೆಲ್ಲ ಹಂಚುವುದು ಪದದ ದುರ್ವ್ಯಯವೇ ಸರಿ.